ಹಸಿರು ಟಿಕ್

ತುಮಕೂರು
8 ಡಿಸೆಂಬರ್ 2024

ಸ್ವಸ್ತಿ ಶ್ರೀಮನ್ಮಹಾ ಸರ್ವರ್‌ರೂಮ್ ಸಿಂಹಾಸನಾಧೀಶ್ವರ, ನೀಲಿ ಕೇಬಲ್ ಕುಲತಿಲಕ, ಮುನ್ನೂರ ಹನ್ನೆರಡು ಪಾಸ್‌ವರ್ಡ್‌ಗಳನ್ನು ಬಾಯಿಪಾಠ ಮಾಡಿದ ಏಕಸಂಧಿಗ್ರಾಹಿ, ವೈರಸ್ಸುಗಳ ಗಂಡ, ಪ್ರಿಂಟರ್ ಮದಮರ್ದನ, ಡಾಕ್ಟರುಗಳ ಬೈಗುಳಕ್ಕೆ ಬಂಡೆಗಲ್ಲಿನಂತೆ ನಿಂತ ಧೀರೋದಾತ್ತ, ಗುಬ್ಬಿ ಪುರವರಾಧೀಶ್ವರ, ತಕ್ಕಡಿ ರಿಪೇರಿ ಇಸಾಕ್ ಸಾಬರ ಜ್ಯೇಷ್ಠಪುತ್ರ ಶ್ರೀ ಶ್ರೀ ಶ್ರೀ ನವೀದ್ ಅವರ ಸನ್ನಿಧಾನಕ್ಕೆ, ಕುಣಿಗಲ್ ತಾಲ್ಲೂಕು ಅಮೃತೂರಿನ ಲಕ್ಷ್ಮೀಕಾಂತನೆಂಬ ಯಃಕಶ್ಚಿತ್ ಡೆಸ್ಕ್‌ಟಾಪ್ ಸಪೋರ್ಟ್ ಇಂಜಿನಿಯರನು ಹಣೆ ಕೀಬೋರ್ಡಿಗೆ ತಗಲುವಷ್ಟು ಬಾಗಿ ಮಾಡಿಕೊಳ್ಳುವ ಬಿನ್ನಹ.

ತಾವು ನನ್ನ ನಂಬರನ್ನು ಬ್ಲಾಕ್ ಮಾಡಿ ಐವತ್ತು ದಿನ ದಾಟಿತು. ಅಂಚೆ ಇಲಾಖೆಯನ್ನು ಬ್ಲಾಕ್ ಮಾಡುವ ಬಟನ್ ಇನ್ನೂ ಯಾವ ಫೋನಿಗೂ ಬಂದಿಲ್ಲವಾದ್ದರಿಂದ ಈ ಮಾರ್ಗ. ಕವರ್ ಕೇಳಿದಾಗ ಪೋಸ್ಟಾಫೀಸಿನ ಮೇಡಂ ನನ್ನ ಮುಖ ನೋಡಿ, "ಲವ್ ಲೆಟ್ರಾ?" ಎಂದರು. "ಅಲ್ಲ ಮೇಡಂ, ಕ್ಷಮಾಪಣೆ" ಎಂದೆ. "ಹಂಗಾದ್ರೆ ನಾಕು ತಗೊ. ಒಂದ್ರಲ್ಲಿ ಆಗಲ್ಲ" ಎಂದರು.

ರಾಜ್ಯದ ಸಮಾಚಾರ ಇಷ್ಟು. ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ತಾವು ಕೂರುತ್ತಿದ್ದ ಕುರ್ಚಿಯಲ್ಲಿ ಈಗ ನಾನು ಕೂರುತ್ತೇನೆ. ಕೂತಾಗೆಲ್ಲ ಅದು ಕಿರ್ ಅನ್ನುತ್ತದೆ. ನೀನು ಕೂತಾಗ ಅನ್ನುತ್ತಿರಲಿಲ್ಲ. (ನೋಡು, ನಾಲ್ಕು ಸಾಲಿಗೇ 'ತಾವು' ಜಾರಿ 'ನೀನು' ಬಂತು.) ಮೊನ್ನೆ ಮೂರನೇ ವಾರ್ಡಿನ ಸಿಸ್ಟರ್ ಫೋನ್ ಮಾಡಿ, "ಕಾಂತ, ಕಂಪ್ಯೂಟರ್ ಕಣ್ಣೇ ಬಿಡ್ತಿಲ್ಲ ಬಾರೋ" ಎಂದರು. ಹೋಗಿ ನೋಡಿದರೆ ಪ್ಲಗ್ ಕಿತ್ತು ಆ ಜಾಗದಲ್ಲಿ ತಮ್ಮ ಮೊಬೈಲನ್ನು ಚಾರ್ಜಿಗೆ ಹಾಕಿದ್ದಾರೆ. ನಾನು ಮುಖ ಬಿಗಿದುಕೊಂಡು, "ಪವರ್ ಸಪ್ಲೈನಲ್ಲಿ ಸ್ವಲ್ಪ ತೊಂದ್ರೆ ಇತ್ತು ಸಿಸ್ಟರ್, ಸರಿ ಮಾಡಿದೀನಿ" ಎಂದು ಬಂದೆ. ಯಾರನ್ನೂ ನಾಚಿಸಬಾರದು ಎಂದು ನೀನೇ ಕಲಿಸಿದ್ದು.

ಮುಖ್ಯ ವಿಷಯ. ನಮ್ಮ ಕಸುಬಿಗೆ ಈಗ ಭಾರೀ ಗಿರಾಕಿ. ಪೇಪರಿನಲ್ಲಿ, ಫೋನಿನಲ್ಲಿ, ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಎಲ್ಲೆಲ್ಲೂ ಅದೇ: ನೆಟ್‌ವರ್ಕ್ ಇಂಜಿನಿಯರ್ ಬೇಕು, ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಬೇಕು, ಕ್ಲೌಡ್ ಸಪೋರ್ಟ್ ಬೇಕು, ಡೇಟಾ ಸೆಂಟರ್ ಟೆಕ್ನಿಷಿಯನ್ ಬೇಕು. ಹೆಸರು ಏನೇ ಇರಲಿ, ಕೆಲಸ ಒಂದೇ: ಎಲ್ಲ ಸರಿಯಿದ್ದಾಗ ಯಾರ ಕಣ್ಣಿಗೂ ಬೀಳದಿರುವುದು, ಕೆಟ್ಟಾಗ ಎಲ್ಲರಿಂದ ಬೈಸಿಕೊಳ್ಳುವುದು. ಏಳು ಜಾಹೀರಾತು ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ. ಏಳಕ್ಕೂ ನೀನು ಲಾಯಕ್ಕು. ಮತ್ತೆ ಕಸುಬಿಗೆ ಬಾ ಅಣ್ಣ.

ಇಂತಿ ತಮ್ಮ ಪಾದಧೂಳಿ ಹಾಗೂ ಕೇಬಲ್ ಧೂಳಿ,
ಲಕ್ಷ್ಮೀಕಾಂತ

*

ತುಮಕೂರು
5 ಜನವರಿ 2025

ಮೌನವ್ರತಿ, ಗುಬ್ಬಿ ಗುಹಾವಾಸಿ, ಉತ್ತರ ಬರೆಯದ ಮಹಾಮುನಿ ನವೀದಣ್ಣನಿಗೆ,

ಸಂತೆಯ ದಿನ ನಿಮ್ಮ ಅಂಗಡಿಗೆ ಬಂದಿದ್ದೆ. ಇಸಾಕ್ ಚಾಚಾ ಒಂದು ಎಲೆಕ್ಟ್ರಾನಿಕ್ ತಕ್ಕಡಿಯ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದರು. "ನವೀದಣ್ಣ?" ಎಂದೆ.

"ಇಲ್ಲಪ್ಪ. ಹೊರಗ್ ಹೋಗವ್ನೆ."

"ಚಪ್ಪಲಿ ಇಲ್ಲೇ ಐತಲ್ಲ ಚಾಚಾ?"

ಅವರು ಚಪ್ಪಲಿಯನ್ನು ನೋಡಿದರು, ನನ್ನನ್ನು ನೋಡಿದರು. "ಬರಿಗಾಲಲ್ಲೇ ಹೋಗವ್ನೆ" ಎಂದರು. ಆ ಮೇಲೆ ಒಂದು ಟೀ ತರಿಸಿಕೊಟ್ಟು, "ಕುಡ್ಕೊಂಡ್ ಹೋಗು ಮಗ. ಅವ್ನಿಗೆ ನಿನ್ ಮೇಲೆ ಸಿಟ್ಟಿಲ್ಲ. ಅವ್ನಿಗೆ ಅವನ ಮೇಲೇ ಸಿಟ್ಟು" ಎಂದರು. ಒಳಗಿನ ಕೋಣೆಯಲ್ಲಿ ಯಾರೋ ಕೆಮ್ಮಿದರು. ಆ ಕೆಮ್ಮು ನನಗೆ ಗೊತ್ತು, ನಾಲ್ಕು ವರ್ಷ ಪಕ್ಕದ ಟೇಬಲ್ಲಿನಲ್ಲಿ ಕೇಳಿದ್ದೇನೆ.

ನಾವಿಬ್ಬರೂ ಒಮ್ಮೆಯೂ ಬಾಯಿಬಿಟ್ಟು ಆಡಿಕೊಳ್ಳದ ಮಾತನ್ನು ಇವತ್ತು ಬರೆದುಬಿಡುತ್ತೇನೆ. ತಮಾಷೆ ಇಲ್ಲ.

ಆವತ್ತು ಅಕ್ಟೋಬರ್ ಹನ್ನೊಂದು, ಆಯುಧಪೂಜೆ, ಶುಕ್ರವಾರ. ಜುಮ್ಮಾ ನಮಾಜಿಗೆ ಹೊರಡುವ ಮುಂಚೆ ನೀನೇ ಸೇವಂತಿಗೆ ಹಾರ, ನಿಂಬೆಹಣ್ಣು, ಬೂದುಗುಂಬಳ ತಂದಿಟ್ಟು ನನಗೆ ಹೇಳಿದೆ: "ಹೂವು ಹಾಕು, ಕುಂಕುಮ ಹಚ್ಚು, ಆರತಿ ಎತ್ತು. ಸರ್ವರ್ ಮಾತ್ರ ಆಫ್ ಮಾಡಬೇಡ. ಹಳೇ ಮೆಷಿನ್ನು, ನಾಕು ವರ್ಷದಿಂದ ಒಂದು ಗಳಿಗೆ ನಿಂತಿಲ್ಲ. ನಿಂತ್ರೆ ಮತ್ತೆ ಏಳಲ್ಲ." ನಾನು ಹೂಂ ಎಂದೆ. ನೀನು ಹೋದ ಮೇಲೆ ಕರ್ಪೂರ ಹಚ್ಚಿದರೆ ಸರ್ವರ್ ಫ್ಯಾನಿನ ಗಾಳಿಗೆ ಆರಿತು. ಎರಡನೇ ಸಲ ಆರಿತು. ಮೂರನೇ ಸಲವೂ ಆರಿದಾಗ ಬಾಗಿಲಲ್ಲಿ ನಿಂತಿದ್ದ ಆಯಾಗಳು "ಅಯ್ಯೋ, ಅಪಶಕುನ" ಎಂದರು. ನಮ್ಮ ಮನೆಯಲ್ಲಿ ಆವತ್ತು ಕುಡುಗೋಲನ್ನೂ ಮುಟ್ಟುವುದಿಲ್ಲ. ಆಯುಧಕ್ಕೆ ಒಂದು ದಿನ ವಿಶ್ರಾಂತಿ ಕೊಡಬೇಕು ಎಂದು ಹುಟ್ಟಿದಾಗಿನಿಂದ ಕೇಳಿದವನು ನಾನು. ನಲವತ್ತು ನಿಮಿಷ ತಾನೇ ಎಂದುಕೊಂಡು ಆಫ್ ಮಾಡಿದೆ. ಆರತಿ ಚೆನ್ನಾಗಿ ಉರಿಯಿತು. ಫೋಟೊ ಕೂಡ ತೆಗೆದೆ.

ಮತ್ತೆ ಆನ್ ಮಾಡಿದಾಗ ಒಳಗಿನಿಂದ ಕಟಕಟ ಎಂಬ ಸದ್ದು ಮಾತ್ರ ಬಂತು. ರೋಗಿಗಳ ಸ್ಕ್ಯಾನುಗಳೆಲ್ಲ ಅದರೊಳಗೇ ಇದ್ದವು.

ಸೋಮವಾರ ಮ್ಯಾನೇಜರ್ ರಾಮಾಂಜಿನಯ್ಯನವರು ಇಬ್ಬರನ್ನೂ ನಿಲ್ಲಿಸಿ, "ಆಫ್ ಮಾಡಿದ್ಯಾರು?" ಎಂದರು. ನೀನು, "ಇನ್‌ಚಾರ್ಜ್ ನಾನು ಸಾರ್. ನಾನೇ ಅಂತ ಬರ್ಕೊಳಿ" ಎಂದೆ. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ಅದರಲ್ಲಿ ಒಂದು ಹಸು ಇತ್ತು, ಕರು ಇತ್ತು. ಆ ಸಂಜೆಗೆ ನಿನ್ನ ಕೆಲಸ ಹೋಗಿತ್ತು. ಇವತ್ತಿಗೂ ಕಣ್ಣು ಮುಚ್ಚಿದರೆ ಆ ಹಸು ಕಾಣುತ್ತದೆ.

ಬೈದಾದರೂ ಒಂದು ಸಾಲು ಬರೆ ಅಣ್ಣ.

ನಿನ್ನ
ಕಾಂತ

*

ಗುಬ್ಬಿ
19 ಜನವರಿ 2025

ಕಾಂತ,

ಬಿರುದು ಬೇಡ. ಅಂಗಡಿಗೆ ಪತ್ರ ಬಂದರೆ ಅಬ್ಬಾ ಗಿರಾಕಿಗಳ ಎದುರೇ ಗಟ್ಟಿಯಾಗಿ ಓದುತ್ತಾರೆ. ಈಗ ಸಂತೆಯವರೆಲ್ಲ ನನ್ನನ್ನು 'ಪ್ರಿಂಟರ್ ಮದಮರ್ದನ' ಎಂದು ಕರೆಯುತ್ತಿದ್ದಾರೆ.

ನೀನು ಆಫ್ ಮಾಡಿದ್ದಕ್ಕೆ ನನಗೆ ಸಿಟ್ಟಿಲ್ಲ. ಆವತ್ತಲ್ಲದಿದ್ದರೆ ಯಾವತ್ತೋ ಕರೆಂಟ್ ಹೋಗಿ ಆ ಮೆಷಿನ್ ಸಾಯುತ್ತಿತ್ತು. ಸಾಯುತ್ತದೆ ಎಂದು ಗೊತ್ತಿದ್ದೇ ತಾನೇ ನಾವು ಬ್ಯಾಕಪ್ ಇಡುವುದು? ತಪ್ಪು ಅಲ್ಲಿದೆ. ಅದನ್ನು ನಿನಗೆ ನಾನು ಹೇಳಿರಲಿಲ್ಲ, ಈಗ ಕೇಳು.

ಎರಡು ವರ್ಷದ ಹಿಂದೆ ಡಿಸ್ಕ್ ತುಂಬಿತೆಂದು ಸ್ಕ್ಯಾನುಗಳನ್ನೆಲ್ಲ ನಾನೇ ಬೇರೆ ಜಾಗಕ್ಕೆ ಸರಿಸಿದೆ. ಬ್ಯಾಕಪ್ ಪ್ರೋಗ್ರಾಮಿಗೆ ಹೊಸ ಜಾಗ ಯಾವುದು ಎಂದು ತಿಳಿಸಲು ಮರೆತೆ. ಅದು ಪಾಪ, ದಿನವೂ ಹಳೇ ಜಾಗಕ್ಕೆ ಹೋಗಿ, ಅಲ್ಲಿದ್ದ ಖಾಲಿ ಫೋಲ್ಡರನ್ನು ನಕಲು ಮಾಡಿ, ಬೆಳಿಗ್ಗೆ ನನಗೆ ಹಸಿರು ಟಿಕ್ ತೋರಿಸುತ್ತಿತ್ತು. ನಾನು ಟೀ ಕುಡಿಯುತ್ತಾ ಆ ಟಿಕ್ ನೋಡಿ ರಿಜಿಸ್ಟರಿನಲ್ಲಿ ಸಹಿ ಹಾಕುತ್ತಿದ್ದೆ. ಏಳುನೂರು ಸಹಿಗೂ ಹೆಚ್ಚು. ಒಂದೇ ಒಂದು ದಿನ ಒಂದೇ ಒಂದು ಫೈಲನ್ನು ವಾಪಸ್ ತೆಗೆದು ನೋಡಲಿಲ್ಲ.

ಅಬ್ಬಾ ರಿಪೇರಿಯಾದ ತಕ್ಕಡಿಯನ್ನು ಗಿರಾಕಿಗೆ ಕೊಡುವ ಮುಂಚೆ ಅವನ ಎದುರಿಗೇ ಐದು ಕೆಜಿ ಕಲ್ಲು ಇಟ್ಟು ತೋರಿಸುತ್ತಾರೆ. ಗಿರಾಕಿ "ಬ್ಯಾಡ ಬುಡಿ ಸಾಬ್ರೇ, ನಂಬಿಕೆ ಐತೆ" ಎಂದರೂ ಬಿಡುವುದಿಲ್ಲ. "ನಂಬಿಕೆ ನಿಂದು, ತೂಕ ನಂದು" ಎನ್ನುತ್ತಾರೆ. ಎಂಟನೇ ಕ್ಲಾಸು ಓದಿದವರು. ನಾನು ಡಿಪ್ಲೊಮಾ.

ಆ ಸ್ಕ್ಯಾನುಗಳು ಯಾರ್ಯಾರವು ಎಂದು ನನಗೆ ಗೊತ್ತಿಲ್ಲ. ಅದೇ ಕಷ್ಟ. ಹೆಸರು ಗೊತ್ತಿದ್ದರೆ ಮನೆ ಮನೆಗೆ ಹೋಗಿ ಕೈ ಮುಗಿಯಬಹುದಿತ್ತು.

ಆ ಕಸುಬಿಗೆ ನಾನು ಮತ್ತೆ ಬರುವುದಿಲ್ಲ. ಜಾಹೀರಾತು ಕಳಿಸಬೇಡ.

ನವೀದ್

*

ತುಮಕೂರು
16 ಫೆಬ್ರವರಿ 2025

ನವೀದಣ್ಣ,

ನೀನು ಉತ್ತರ ಬರೆದ ದಿನ ನಾನು ಇಡೀ ವಿಭಾಗಕ್ಕೆ ಮೈಸೂರುಪಾಕು ಹಂಚಿದೆ. ಇಡೀ ವಿಭಾಗ ಎಂದರೆ ನಾನೊಬ್ಬನೇ. ಕಾಲು ಕೆಜಿ ತಿಂದು ಹೊಟ್ಟೆ ಕೆಟ್ಟಿತು.

ಇವತ್ತು ಬರೆಯುತ್ತಿರುವುದು ಬೇರೆ ವಿಷಯ. ನೀನು ಹೆಸರು ಗೊತ್ತಿಲ್ಲ ಎಂದಿದ್ದೆ. ಒಂದು ಹೆಸರು ಬಂದಿದೆ.

ಮೊನ್ನೆ ಎಕೋ ರೂಮಿನ ಬಿಂದುಶ್ರೀ ಮೇಡಂ ಒಬ್ಬರು ಹೆಂಗಸನ್ನು ನನ್ನ ಹತ್ತಿರ ಕರೆದುಕೊಂಡು ಬಂದರು. ಮಾರ್ಕೋನಹಳ್ಳಿ ಕಡೆಯವರು, ಕಲ್ಲಮ್ಮ ಅಂತ. ಎರಡು ಬಸ್ಸು ಬದಲಿಸಿ ಬಂದಿದ್ದರು. ಅವರ ಗಂಡ ಚಿಕ್ಕಬೋರಯ್ಯನವರು ಎರಡು ವರ್ಷದ ಹಿಂದೆ ನಮ್ಮಲ್ಲಿ ಹೃದಯದ ಎಕೋ ಸ್ಕ್ಯಾನ್ ಮಾಡಿಸಿದ್ದರು. ಹೋದ ಶ್ರಾವಣದಲ್ಲಿ ತೀರಿಕೊಂಡರಂತೆ.

"ಅಪ್ಪ, ನಮ್ ಯಜಮಾನ್ರ ಎದೇನ ಟೀವೀಲಿ ತೋರ್ಸಿದ್ರಲ್ಲ, ಅದ್ನ ಒಂದ್ಸಾರಿ ಹಾಕು" ಎಂದರು.

ಯಾಕಮ್ಮ, ರಿಪೋರ್ಟ್ ಬೇಕಿತ್ತಾ, ಇನ್ಶೂರೆನ್ಸಿಗಾ ಎಂದು ಕೇಳಿದೆ.

"ಏನೂ ಬ್ಯಾಡ. ನೋಡ್ಬೇಕು, ಅಷ್ಟೆ."

"ಮನೇಲಿ ಫೋಟೊ ಇಲ್ವಾ?"

"ಫೋಟೊ ಐತೆ ಕಣಪ್ಪ. ಫೋಟೊ ಅಳ್ಳಾಡಲ್ಲ."

ಎಂತೆಂಥ ಡಾಕ್ಟರುಗಳಿಗೆ ಸುಳ್ಳು ಹೇಳಿ ತಪ್ಪಿಸಿಕೊಂಡವನು, ಆಕೆಯ ಮುಂದೆ ಮೌಸನ್ನು ಸುಮ್ಮನೆ ಅತ್ತಿತ್ತ ಆಡಿಸುತ್ತಾ ಕೂತೆ. ಕೊನೆಗೆ, "ಮೆಷಿನ್ ರಿಪೇರಿಗೆ ಹೋಗಿದೆ, ಮುಂದಿನ ತಿಂಗ್ಳು ಬನ್ನಿ" ಎಂದೆ. "ಆಗ್ಲಿ, ಬತ್ತೀನಿ. ಅದ್ಯಾವ ತಾರೀಕು ಅಂತ ಬರ್ದು ಕೊಟ್ಬುಡು, ಮರ್ತೋಗ್ತೀನಿ" ಎಂದರು. ಚೀಟಿಯಲ್ಲಿ ಮಾರ್ಚ್ 20 ಎಂದು ಬರೆದುಕೊಟ್ಟೆ. ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಹೋದರು.

ಈಗ ನಾನೇನು ಮಾಡಲಿ?

ಕಾಂತ

*

ಗುಬ್ಬಿ
2 ಮಾರ್ಚ್ 2025

ಕಾಂತ,

ಆ ಗಂಡ ಹೆಂಡತಿ ನನಗೆ ನೆನಪಿದ್ದಾರೆ. ಎಕೋ ರೂಮಿನ ಮಾನಿಟರ್ ವೈರು ಸಡಿಲವಾಗಿತ್ತು, ನಾನು ಮೇಜಿನ ಕೆಳಗೆ ಮಲಗಿದ್ದೆ. ಅವರಿಬ್ಬರಿಗೂ ನಾನು ಅಲ್ಲಿದ್ದದ್ದು ಗೊತ್ತಿರಲಿಲ್ಲ. ಪರದೆಯನ್ನು ನೋಡಿ ಆಕೆ, "ಇದ್ಯಾಕ್ರೀ ಇಂಗ್ ಬಡ್ಕತ್ತದೆ?" ಎಂದರು. "ನೀನು ಪಕ್ದಲ್ಲಿ ನಿಂತಿದೀಯಲ್ಲ, ಹೆದ್ರಿಕೆ" ಎಂದರು ಆತ. ಆಕೆ ನಕ್ಕ ನಗುವಿಗೆ ನನ್ನ ಕೈಯಿಂದ ಸ್ಕ್ರೂ ಡ್ರೈವರ್ ಬಿತ್ತು.

ಎರಡು ದಿನದಿಂದ ಆ ನಗುವೇ ಕೇಳಿಸುತ್ತಿದೆ.

ಆಕೆಗೆ ನಿಜ ಹೇಳು. ಹೋಗಿದೆ, ಸಿಗುವುದಿಲ್ಲ, ನಮ್ಮ ತಪ್ಪು ಎಂದು ಹೇಳು. ನಿನಗೆ ಆಗದಿದ್ದರೆ ಇಪ್ಪತ್ತನೇ ತಾರೀಕು ನಾನೇ ಬಂದು ಹೇಳುತ್ತೇನೆ. ಅಬ್ಬಾಗೆ ಹೇಳಿದ್ದಕ್ಕೆ, "ಹೋಗಲೇಬೇಕು. ನಾನೂ ಬರ್ತೀನಿ ಬೇಕಾದ್ರೆ" ಎಂದರು.

ಒಂದು ಮಾತು. ಎಷ್ಟೋ ಶನಿವಾರ ಕೆಲಸವಿಲ್ಲದಾಗ ನಾನು ಕೆಲವು ಫೈಲುಗಳನ್ನು ಕೈಯಾರೆ ಒಂದು ಕಪ್ಪು ಡಿಸ್ಕಿಗೆ ಹಾಕಿಡುತ್ತಿದ್ದೆ. ಮೇಲಿನ ಶೆಲ್ಫಿನಲ್ಲಿ, ಹಳೇ ಕೀಬೋರ್ಡುಗಳ ಹಿಂದೆ ಇದೆ. ಸುತ್ತ ಬಿಳಿ ಟೇಪ್ ಇದೆ. ಏನು ಹಾಕಿದ್ದೆ, ಯಾವಾಗ ನಿಲ್ಲಿಸಿದೆ, ನೆನಪಿಲ್ಲ. ಏನೂ ಇರಲಿಕ್ಕಿಲ್ಲ. ಆದರೂ ಆಕೆಗೆ ಹೇಳುವ ಮುಂಚೆ ಒಮ್ಮೆ ನೋಡು. ಹುಡುಕಿದೆವು ಎಂದಾದರೂ ಹೇಳಬಹುದು.

ನವೀದ್

*

ತುಮಕೂರು
23 ಮಾರ್ಚ್ 2025

ಶನಿವಾರ ಸಂರಕ್ಷಕ, ಕಪ್ಪು ಡಿಸ್ಕ್ ಚಕ್ರವರ್ತಿ, ಕಳೆದದ್ದನ್ನು ಕಾಲಾಂತರದಲ್ಲಿ ಕೊಡಿಸಿದ ಕರುಣಾಳು ಶ್ರೀಮನ್ ನವೀದಣ್ಣನವರ ದಿವ್ಯ ಸನ್ನಿಧಿಗೆ,

ಸಿಕ್ಕಿತು!

ನೀನು ಬರುವುದು ಬೇಡ ಎಂದು ಹದಿನೆಂಟನೇ ತಾರೀಕು ಅಂಗಡಿ ನಂಬರಿಗೆ ಫೋನ್ ಮಾಡಿ ಚಾಚಾಗೆ ಹೇಳಿದ್ದು ಇದಕ್ಕೇ. ಆ ಡಿಸ್ಕಿನಲ್ಲಿ ಹುಡುಕಿ ಹುಡುಕಿ, ಒಂದೇ ಒಂದು ಎಕೋ ಫೈಲ್. ಅದು ಚಿಕ್ಕಬೋರಯ್ಯನವರದೇ ಆಗಬೇಕೇ!

ಇಪ್ಪತ್ತನೇ ತಾರೀಕು ಬೆಳಿಗ್ಗೆ ಹತ್ತಕ್ಕೇ ಕಲ್ಲಮ್ಮ ಬಂದರು. ತಲೆಗೆ ಹೂವಿಲ್ಲ, ಆದರೆ ಇಸ್ತ್ರಿ ಮಾಡಿದ ಸೀರೆ. ಎಕೋ ರೂಮಿನಲ್ಲಿ ಕೂರಿಸಿ, ದೊಡ್ಡ ಪರದೆಗೆ ಹಾಕಿದೆ. ಬಿಂದುಶ್ರೀ ಮೇಡಂ ಲೈಟ್ ಆರಿಸಿದರು. ಆ ಬೂದು ಬಣ್ಣದ ಗೂಡು ಮುಚ್ಚಿ ತೆರೆದು ಮುಚ್ಚಿ ತೆರೆದು ಹೊಡೆದುಕೊಳ್ಳತೊಡಗಿತು.

ಕಲ್ಲಮ್ಮ ಎದ್ದು ಹತ್ತಿರ ಹೋಗಿ, ಪರದೆಯ ಮೇಲೆ ಅಂಗೈ ಇಟ್ಟರು. ಮೇಡಂ "ಮುಟ್ಟಬಾರದಮ್ಮ" ಎನ್ನಲು ಹೋಗಿ ಸುಮ್ಮನಾದರು.

"ಇವರದ್ದೇ" ಎಂದರು ಕಲ್ಲಮ್ಮ. "ನಂಗೊತ್ತಾಗಲ್ವಾ? ಮೂವತ್ತೊಂದ್ ವರ್ಷ ಇದರ ಮ್ಯಾಲೆ ತಲೆ ಇಟ್ಟು ಮಲ್ಗಿದೀನಿ. ನೋಡು, ನೋಡು, ಎರಡು ಹೊಡ್ದು ಒಂಚೂರು ತಡೀತದೆ. ಮೊಂಡ. ಇಂಗೇ ತಡ್ದು ತಡ್ದೇ ಹೋದ."

ಮೂರು ಸಲ ಹಾಕಿಸಿಕೊಂಡು ನೋಡಿದರು. ಹೊರಡುವಾಗ, "ಇದ್ನ ಕಳೀದಂಗೆ ಇಟ್ಟೋರು ಯಾರಪ್ಪ? ನೀನಾ?" ಎಂದರು. "ಅಲ್ಲಮ್ಮ, ನಮ್ಮ ನವೀದಣ್ಣ, ಗುಬ್ಬಿಯವ್ರು" ಎಂದೆ. "ಆ ಸಾಬ್ರು ಹುಡುಗ್ನ ದೇವ್ರು ತಣ್ಣಗಿಟ್ಟಿರ್ಲಿ" ಎಂದು ಚೀಲದಿಂದ ಎರಡು ಕೊಬ್ಬರಿ ಗಿಟುಕು ತೆಗೆದುಕೊಟ್ಟರು. ಒಂದು ನನಗೆ, ಒಂದು ನಿನಗೆ. ನಿನ್ನದನ್ನು ಗುಬ್ಬಿ ಬಸ್ಸಿನ ಕಂಡಕ್ಟರ್ ಅಂಜಿನಪ್ಪನ ಕೈಲಿ ಕಳಿಸಿದ್ದೇನೆ.

ನೋಡಿದೆಯಾ? ನೀನು ಪೂರ್ತಿ ಸೋತಿಲ್ಲ. ಒಬ್ಬರದಾದರೂ ಉಳಿಸಿದೆ.

ಇನ್ನೊಂದು. ವಸಂತನರಸಾಪುರದಲ್ಲಿ ಹೊಸ ಫ್ಯಾಕ್ಟರಿಯೊಂದಕ್ಕೆ ಬ್ಯಾಕಪ್ ನೋಡಿಕೊಳ್ಳುವವರು ಬೇಕಂತೆ. ಬ್ಯಾಕಪ್ ಮಾತ್ರ, ಅದೊಂದೇ ಕೆಲಸ. ಇಂಟರ್‌ವ್ಯೂ ಏಪ್ರಿಲ್ 21. ನೀನು ಬೈದರೂ ಸರಿ ಎಂದು ನಿನ್ನ ಹೆಸರಿನಲ್ಲಿ ನಾನೇ ಅರ್ಜಿ ಹಾಕಿದ್ದೇನೆ. ಕರೆ ಬಂದಿದೆ. ಹೋಗು.

ಇಂತಿ ತಮ್ಮ ವಿಜಯೋತ್ಸವದ ಕಹಳೆಯವ,
ಲಕ್ಷ್ಮೀಕಾಂತ

*

ಗುಬ್ಬಿ
6 ಏಪ್ರಿಲ್ 2025

ಪ್ರೀತಿಯ ಕಾಂತ,

ನಿನ್ನ ಪತ್ರವನ್ನು ಈ ಸಲ ಅಬ್ಬಾ ಗಟ್ಟಿಯಾಗಿ ಓದಲಿಲ್ಲ. ಅರ್ಧಕ್ಕೆ ನಿಲ್ಲಿಸಿ ಕನ್ನಡಕ ಒರೆಸಿಕೊಂಡು, "ನೀನೇ ಓದ್ಕೋ" ಎಂದು ನನ್ನ ಕೈಗೆ ಕೊಟ್ಟರು. ನಾನು ಅಂಗಡಿಯ ಹಿಂದಿನ ಬಾಗಿಲಿಗೆ ಹೋಗಿ ಓದಿದೆ. ಮೆಟ್ಟಿಲ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ.

ಕಲ್ಲಮ್ಮನ ಕೊಬ್ಬರಿಯನ್ನು ಅಮ್ಮಿ ಈದ್ ದಿನ ಶೀರ್ ಖುರ್ಮಾ ಪಾಯಸಕ್ಕೆ ಹಾಕಿದರು. ಬಂದವರಿಗೆಲ್ಲ ಬಟ್ಟಲು ಕೊಡುವಾಗ ಆ ಕತೆ ಹೇಳಿಯೇ ಕೊಟ್ಟರು. "ನಮ್ ನವೀದ್ ಎತ್ತಿಟ್ಟಿದ್ದ ಎದೆ ಅದು" ಎಂದರು. ಐದು ತಿಂಗಳಿಂದ ನನ್ನ ಕೆಲಸದ ಬಗ್ಗೆ ಆ ಮನೆಯಲ್ಲಿ ಯಾರೂ ಮಾತೆತ್ತಿರಲಿಲ್ಲ. ಅಟ್ಟದ ಮೇಲೆ ಹಾಕಿದ್ದ ನನ್ನ ಲ್ಯಾಪ್‌ಟಾಪ್ ಬ್ಯಾಗನ್ನು ಅಬ್ಬಾ ಇಳಿಸಿ, ಧೂಳು ಒರೆಸಿ, ನನ್ನ ಹಾಸಿಗೆಯ ಮೇಲೆ ಇಟ್ಟಿದ್ದಾರೆ.

ಇಂಟರ್‌ವ್ಯೂಗೆ ಹೋಗುತ್ತೇನೆ. ಅವರು ಹಳೇ ಆಸ್ಪತ್ರೆಯಲ್ಲಿ ಏನಾಯಿತು ಎಂದು ಕೇಳಿಯೇ ಕೇಳುತ್ತಾರೆ. ನಡೆದದ್ದನ್ನೆಲ್ಲ ಹೇಳುತ್ತೇನೆ, ಟಿಕ್ ನಂಬಿ ಕೆಟ್ಟದ್ದನ್ನೂ. ಕೊನೆಗೆ ಕಲ್ಲಮ್ಮನ ವಿಷಯ ಹೇಳಬೇಕೆಂದಿದ್ದೇನೆ. ಒಂದಾದರೂ ವಾಪಸ್ ಬಂತು ಎಂದು ಹೇಳುವ ಧೈರ್ಯ ಅದೊಂದರಿಂದಲೇ.

ಆದರೆ ನನ್ನ ಕಣ್ಣಾರೆ ನೋಡದೆ ಇನ್ನು ಯಾವುದನ್ನೂ ಹೇಳುವುದಿಲ್ಲ ಎಂದು ಆಣೆ ಮಾಡಿಕೊಂಡಿದ್ದೇನೆ. ಅದಕ್ಕೆ ಆ ಡಿಸ್ಕನ್ನು ಅಂಜಿನಪ್ಪನ ಕೈಲಿ ಕಳಿಸು. ಒಮ್ಮೆ ಹಾಕಿ ನೋಡಿ, ಅದೇ ಬಸ್ಸಿಗೆ ವಾಪಸ್ ಕೊಡುತ್ತೇನೆ. ಅಬ್ಬಾನೂ ನೋಡಬೇಕಂತೆ.

ನಿನ್ನ ನಂಬರನ್ನು ಬ್ಲಾಕಿನಿಂದ ತೆಗೆದಿದ್ದೇನೆ. ಹಾಗೆಂದು ದಿನಕ್ಕೆ ಹತ್ತು ಸಲ ಫೋನ್ ಮಾಡಬೇಡ ಕಣೋ.

ನಿನ್ನ ಅಣ್ಣ,
ನವೀದ್

*

ತುಮಕೂರು
13 ಏಪ್ರಿಲ್ 2025

ನವೀದಣ್ಣ,

ಬಿರುದು ಬರೆಯಲು ಕೂತೆ. 'ಸ್ವಸ್ತಿ ಶ್ರೀ' ಎನ್ನುವವರೆಗೆ ಬಂತು, ಮುಂದಕ್ಕೆ ಬರಲಿಲ್ಲ.

ನೀನು ನಂಬರ್ ಬಿಡುಗಡೆ ಮಾಡಿದ ಮೇಲೂ ನಾನು ಫೋನ್ ಮಾಡಲಿಲ್ಲ. ಫೋನಿನಲ್ಲಾದರೆ ನೀನು ಸುಮ್ಮನಾದದ್ದು ಕೇಳಿಸುತ್ತದೆ. ಕಾಗದದಲ್ಲಿ ಕೇಳಿಸುವುದಿಲ್ಲ.

ಮೊದಲು ಆರು ತಿಂಗಳ ಹಿಂದೆ ಮಾಡಬೇಕಿದ್ದ ಕೆಲಸದ ವರದಿ. ಶುಕ್ರವಾರ ರಾಮಾಂಜಿನಯ್ಯನವರ ರೂಮಿಗೆ ಹೋಗಿ, "ಸಾರ್, ಆಯುಧಪೂಜೆ ದಿನ ಸರ್ವರ್ ಆಫ್ ಮಾಡಿದ್ದು ನಾನು. ನವೀದಣ್ಣ ಅಲ್ಲ" ಎಂದೆ.

ಅವರು ಕನ್ನಡಕದ ಮೇಲಿನಿಂದ ನೋಡಿದರು. "ಗೊತ್ತು ಕಣಯ್ಯ" ಎಂದರು. "ಶುಕ್ರವಾರ ಮಧ್ಯಾಹ್ನ ಅವ್ನು ಮಸೀದೀಲಿದ್ದ ಅಂತ ಇಡೀ ಆಸ್ಪತ್ರೆಗೇ ಗೊತ್ತು."

"ಮತ್ತೆ ಅವ್ರನ್ನ ಯಾಕ್ ಸಾರ್ ಕಳ್ಸಿದ್ರಿ?"

"ಅವ್ನು ಹೂಂ ಅಂದ. ನೀನು ಇಲ್ಲ ಅನ್ನಲಿಲ್ಲ. ನಾನೇನ್ ಮಾಡ್ಲಿ?" ಎಂದು ಮತ್ತೆ ಫೈಲಿಗೆ ತಲೆ ಬಗ್ಗಿಸಿದರು. "ಕ್ಯಾಶ್ ಕೌಂಟರ್‌ನಲ್ಲಿ ಪ್ರಿಂಟರ್ ನಿಂತೈತಂತೆ. ಹೋಗ್ ನೋಡು."

ಹೋಗಿ ನೋಡಿದೆ. ಪೇಪರ್ ಸಿಕ್ಕಿಕೊಂಡಿತ್ತು, ತೆಗೆದೆ. ಎಲ್ಲರಿಗೂ ಗೊತ್ತಿತ್ತು ಅಣ್ಣ. ಇಷ್ಟು ದಿನ ನನಗೆ ಗುಡ್ ಮಾರ್ನಿಂಗ್ ಹೇಳುತ್ತಿದ್ದವರಿಗೆಲ್ಲ. ಸಂಜೆ ಹಟ ಮಾಡಿ, ನಡೆದದ್ದನ್ನು ಕಾಗದದಲ್ಲಿ ಬರೆದು ಸಹಿ ಹಾಕಿ, ಅವರಿಂದ ಸೀಲು ಹಾಕಿಸಿಕೊಂಡೆ. ನಕಲು ಇದರೊಳಗೆ ಇದೆ. ಇಂಟರ್‌ವ್ಯೂಗೆ ತೆಗೆದುಕೊಂಡು ಹೋಗು. ಹೋಗಲೇಬೇಕು. ಮುಂದೆ ಬರೆಯುವುದನ್ನು ಓದಿದ ಮೇಲೂ ಹೋಗಬೇಕು.

ಡಿಸ್ಕ್ ಕಳಿಸಲಾರೆ. ಅಂಜಿನಪ್ಪ ಮೂರು ದಿನದಿಂದ ಕೇಳುತ್ತಿದ್ದಾನೆ, "ಏನೋ ಪಾರ್ಸಲ್ ಐತಂತಲ್ಲ ಗುರು, ಸಾಬ್ರು ಬಸ್‌ಸ್ಟ್ಯಾಂಡಿಗೆ ಬಂದು ಕಾಯ್ಕೊಂಡ್ ಕುಂತವ್ರೆ." ಮೂರು ದಿನವೂ ನಾಳೆ ಎಂದೆ. ಚಾಚಾ ಬಸ್‌ಸ್ಟ್ಯಾಂಡಿಗೆ ಬರುವುದು ಬೇಡ ಎಂದು ಹೇಳು.

ಅದರಲ್ಲಿ ಇರುವುದು ನಿನ್ನ ತಂಗಿ ಫಾಯಿಜಾ ಮದುವೆಯ ಫೋಟೊಗಳು, ಪ್ರಿಂಟರ್ ಹಾಕುವ ನಾಲ್ಕು ಪ್ರೋಗ್ರಾಮು. ಅಷ್ಟೇ. ಕಲ್ಲಮ್ಮ ಬರುವುದಕ್ಕೆ ನಾಲ್ಕು ದಿನ ಇರುವಾಗ, ಒಂದೊಂದೇ ತೆಗೆದು ಸಂಜೆವರೆಗೂ ನೋಡಿದೆ.

ನಿನ್ನ
ಕಾಂತ

ತಾ.ಕ.: ಹಾಗಾದರೆ ಕಲ್ಲಮ್ಮ ನೋಡಿದ್ದು ಯಾರದ್ದು ಎಂದು ನೀನು ಕೇಳುತ್ತೀಯ. ಹಿಂದಿನ ದಿನ ಮಧ್ಯಾಹ್ನ ಎಕೋ ರೂಮಿನಲ್ಲಿ ಪೇಷಂಟ್ ಇಲ್ಲದಾಗ ಬಿಂದುಶ್ರೀ ಮೇಡಂ ಕೈಕಾಲು ಹಿಡಿದು, ಅಂಗಿ ಬಿಚ್ಚಿ ಮಲಗಿದೆ. ಹೆಸರಿನ ಜಾಗದಲ್ಲಿ 'ಚಿಕ್ಕಬೋರಯ್ಯ' ಎಂದು ನಾನೇ ಹೇಳಿ ಟೈಪ್ ಮಾಡಿಸಿದೆ. ನನ್ನದು ಅಣ್ಣ.